ಆಟದ ಹಿಡಿಕೆ ಮನೆಯಲ್ಲೇ



ಕಂಪ್ಯೂಟರ್ ಆಟದ ಜಾಯ್‌ಸ್ಟಿಕ್ ಎಂದರೆ ದೊಡ್ಡ ವಿದ್ಯೆಯೇನಲ್ಲ. 1977ರಲ್ಲಿ ಅಮೆರಿಕದಲ್ಲಿ ಬಂದ ಅಟಾರಿ ಆಟದ ಯಂತ್ರದ ಹಿಡಿಕೆಯಲ್ಲಿದ್ದದ್ದು ಐದೇ ಸ್ವಿಚ್ಚು: ದಿಕ್ಕಿಗೊಂದರಂತೆ ನಾಲ್ಕು, ಗುಂಡು ಹಾರಿಸಲು ಒಂದು.

ಇದನ್ನು ಮನೆಯಲ್ಲೇ ಮಾಡಬಹುದು. ಮರದ ಪೆಟ್ಟಿಗೆ, ಒಂದು ಕೋಲು, ಐದು ಮೈಕ್ರೋಸ್ವಿಚ್ಚು, ಆರ್ಡುಯಿನೋ ಲಿಯೊನಾರ್ಡೊ ಎಂಬ ಪುಟ್ಟ ಬೋರ್ಡು ಸಾಕು. ಸ್ವಿಚ್ಚುಗಳ ಒಂದೊಂದು ತುದಿಯನ್ನು ಒಟ್ಟಿಗೆ ಗ್ರೌಂಡಿಗೆ, ಇನ್ನೊಂದನ್ನು ಬೇರೆ ಬೇರೆ ಪಿನ್ನಿಗೆ ಜೋಡಿಸಿ. ಚಿಕ್ಕದೊಂದು ಪ್ರೋಗ್ರಾಂ ತುಂಬಿದರೆ ಕಂಪ್ಯೂಟರ್ ಅದನ್ನು ಕೀಲಿಮಣೆ ಎಂದೇ ತಿಳಿಯುತ್ತದೆ.

ಒಂದು ಮಾತು ನೆನಪಿರಲಿ: ಪೆಟ್ಟಿಗೆಯ ಮುಚ್ಚಳದಲ್ಲಿ ಸಿಕ್ಕಿಸಿದ ಕೋಲು ಎಡಕ್ಕೆ ವಾಲಿದರೆ ಒಳಗಿನ ತುದಿ ಬಲಕ್ಕೆ ಸರಿಯುತ್ತದೆ. ಆದ್ದರಿಂದ ಎಡದ ಸ್ವಿಚ್ಚು ಬಲಗಡೆಗೇ ಇರಬೇಕು.

ಬೆಸುಗೆ ಹಾಕುವಾಗ ಹಿರಿಯರು ಜೊತೆಗಿರಿ. ಕೊಂಡದ್ದು ಕೆಟ್ಟರೆ ಕಸಕ್ಕೆ ಹೋಗುತ್ತದೆ. ತಾನೇ ಮಾಡಿದ್ದನ್ನು ಮಗು ಬಿಚ್ಚಿ ರಿಪೇರಿ ಮಾಡಿಕೊಳ್ಳುತ್ತದೆ.