ಪಿಯಾನೋ ಕಲಿಕೆಯಿಂದಾಗುವ ಪ್ರಯೋಜನ



ಮಕ್ಕಳಿಗೆ ಪಿಯಾನೋ ಕಲಿಸಬೇಕೆಂಬ ಅಪೇಕ್ಷೆ ನಮ್ಮ ಪಟ್ಟಣಗಳ ವಿದ್ಯಾವಂತರ ಮನೆಗಳಲ್ಲಿ ಅಪೂರ್ವವಾದುದಲ್ಲ. ಏತಕ್ಕೆಂದು ಕೇಳಿದರೆ ಎರಡು ಉತ್ತರಗಳು ಬರುತ್ತವೆ. ಅದನ್ನು ಕಲಿತವರ ಬುದ್ಧಿ ಚುರುಕಾಗಿ ಗಣಿತ ಮೊದಲಾದ ಪಾಠಗಳು ಸುಲಭವಾಗುತ್ತವೆಂಬುದು ಒಂದು. ನಾಲ್ಕು ಜನರೆದುರಿಗೆ ಅದೊಂದು ಭೂಷಣವೆಂಬುದು ಮತ್ತೊಂದು. ಇದಕ್ಕೆ ಪ್ರತಿಯಾಗಿ, ವೀಣೆಯೂ ಪಿಟೀಲೂ ಇರುವ ನಾಡಿಗೆ ಈ ಪರದೇಶದ ಪೆಟ್ಟಿಗೆ ಏಕೆಂದು ಆಕ್ಷೇಪಿಸತಕ್ಕವರೂ ಉಂಟು. ಭೂಷಣದ ಮಾತು ಹಾಗಿರಲಿ. ಉಳಿದೆರಡನ್ನು ವಿಚಾರಮಾಡಿ, ಈ ವಾದ್ಯದಿಂದ ನಿಜವಾಗಿ ದೊರೆಯತಕ್ಕ ಲಾಭವೇನೆಂಬುದನ್ನು ನಾವು ನೋಡೋಣ.

ಮೊದಲು ವಾದ್ಯದ ಸ್ವರೂಪ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸುಮಾರು 1700ರಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬಾತನು ಇದನ್ನು ನಿರ್ಮಿಸಿದನು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಹಾರ್ಪ್ಸಿಕಾರ್ಡಿನಲ್ಲಿ ಒಂದು ಸಣ್ಣ ಕೊಕ್ಕು ತಂತಿಯನ್ನು ಮೀಟುತ್ತಿತ್ತು; ಬೆರಳನ್ನು ಮೆಲ್ಲಗೊತ್ತಿದರೂ ಬಲವಾಗಿ ಒತ್ತಿದರೂ ನಾದ ಹೆಚ್ಚುಕಡಮೆ ಒಂದೇ. ಕ್ರಿಸ್ತೊಫೊರಿಯು ಮೀಟುವುದಕ್ಕೆ ಬದಲಾಗಿ ಪುಟ್ಟ ಸುತ್ತಿಗೆಯು ತಂತಿಯನ್ನು ಬಡಿದು ಒಡನೆಯೇ ಹಿಂದೆ ಸರಿಯುವಂತೆ ಏರ್ಪಡಿಸಿದನು. ಬೆರಳೆತ್ತಿದ ಕೂಡಲೆ ಒಂದು ಮೆತ್ತೆ ಬಂದು ನಾದವನ್ನು ಅಡಗಿಸುತ್ತದೆ. ಬೆರಳಿನ ವೇಗಕ್ಕನುಸಾರವಾಗಿ ನಾದವು ಮೃದುವೂ ಗಟ್ಟಿಯೂ ಆಗುವುದರಿಂದ, ಇಟಲಿಯ ಭಾಷೆಯಲ್ಲಿ ಮೃದುವೆಂಬ ಅರ್ಥದ 'ಪಿಯಾನೋ', ಗಟ್ಟಿಯೆಂಬ ಅರ್ಥದ 'ಫೋರ್ಟೆ' ಎಂಬ ಎರಡು ಮಾತುಗಳೂ ಅದರ ಹೆಸರಿನಲ್ಲಿ ಸೇರಿದವು. ಇಂದಿನ ಪಿಯಾನೋದಲ್ಲಿ ಸಾಮಾನ್ಯವಾಗಿ 52 ಬಿಳಿಯ ಮನೆಗಳೂ 36 ಕರಿಯ ಮನೆಗಳೂ ಕೂಡಿ 88 ಮನೆಗಳಿರುತ್ತವೆ.

ಪಿಟೀಲು ಹಿಡಿದವನು ಸ್ವರಸ್ಥಾನವನ್ನು ಹುಡುಕುವುದರಲ್ಲಿಯೇ ತಿಂಗಳುಗಳನ್ನು ಕಳೆಯಬೇಕಾಗುತ್ತದೆ. ಪಿಯಾನೋದಲ್ಲಿ ಆ ಕಷ್ಟವಿಲ್ಲ. ಶ್ರುತಿಮಾಡಿದ ವಾದ್ಯವಾದರೆ ಮೊದಲನೆಯ ದಿನವೇ ಎಳೆಯ ಬೆರಳಿಗೂ ಶುದ್ಧಸ್ವರ ಸಿಕ್ಕುತ್ತದೆ. ನಿಜವಾದ ಕಷ್ಟ ಎರಡು ಕೈಗಳೂ ಸೇರಿದಾಗ ಆರಂಭವಾಗುತ್ತದೆ. ಬಲಗೈಯ ಪಾಠ ಬೇರೆಯಾಗಿ ಬರುತ್ತದೆ, ಎಡಗೈಯ ಪಾಠ ಬೇರೆಯಾಗಿ ಬರುತ್ತದೆ. ಒಟ್ಟಿಗೆ ನುಡಿಸಹೋದರೆ ಎರಡೂ ಕೆಡುತ್ತವೆ. ಆಗ ವೇಗವನ್ನು ಅರ್ಧಕ್ಕಿಳಿಸಿ, ಒಂದೊಂದೇ ಮಾತ್ರೆಯನ್ನು ಕಟ್ಟಿಕೊಂಡು ಬರಬೇಕು. ಇಲ್ಲಿ ಅವಸರಕ್ಕೆ ಅವಕಾಶವಿಲ್ಲ.

ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ ಎಂಬ ಮಹಾವಾಗ್ಗೇಯಕಾರನು ಈ ಶಿಕ್ಷಣಕ್ಕಾಗಿಯೇ ಎರಡು ಧ್ವನಿಗಳ 15 ಚಿಕ್ಕ ಕೃತಿಗಳನ್ನು ರಚಿಸಿ, 1723ರಲ್ಲಿ ಅಂದವಾಗಿ ಬರೆದಿಟ್ಟನು. ಅವು ಪಿಯಾನೋಗೆ ಹಿಂದಿನ ವಾದ್ಯಗಳನ್ನು ಉದ್ದೇಶಿಸಿದವಾದರೂ ಇಂದಿಗೂ ಪಿಯಾನೋ ವಿದ್ಯಾರ್ಥಿಗಳಿಗೆ ಅವುಗಳಿಂದ ಪಾಠ ನಡೆಯುತ್ತದೆ. ಅವುಗಳಲ್ಲಿ ಎಡಗೈಯು ಬಲಗೈಯ ಸೇವಕನಲ್ಲ. ಒಂದು ಹೇಳಿದ ಮಾತನ್ನು ಮತ್ತೊಂದು ಎತ್ತಿಕೊಳ್ಳುತ್ತದೆ, ಕೆಲವೆಡೆ ಎದುರು ನಡೆಯುತ್ತದೆ, ಕಡೆಗೆ ಎರಡೂ ಒಂದು ನೆಲೆಗೆ ಬಂದು ಸೇರುತ್ತವೆ. ಒಂದು ಧ್ವನಿಯನ್ನು ನಡೆಸುತ್ತಿರುವಾಗಲೇ ಇನ್ನೊಂದಕ್ಕೆ ಕಿವಿಗೊಡುವ ಅಭ್ಯಾಸ, ಇದೇ ಪಿಯಾನೋ ಕೊಡತಕ್ಕ ಮುಖ್ಯ ಲಾಭವೆಂದು ನಮ್ಮ ಅಭಿಪ್ರಾಯ.

ಇನ್ನು ಆಕ್ಷೇಪಕ್ಕೆ ಬರೋಣ. ಪಿಯಾನೋದಲ್ಲಿ ಗಮಕವಿಲ್ಲ. ಒಮ್ಮೆ ಬಡಿದ ಸ್ವರವನ್ನು ಎಳೆಯುವುದಕ್ಕಾಗಲಿ, ತೂಗುವುದಕ್ಕಾಗಲಿ ಆಗದು. ತೋಡಿಯ ಗಾಂಧಾರವನ್ನು ಅದರಲ್ಲಿ ಹುಡುಕುವವನಿಗೆ ನಿರಾಶೆಯೇ ಗತಿ. ಈ ಮಾತನ್ನು ನಾವು ಒಪ್ಪುತ್ತೇವೆ. ಆದರೆ ವೀಣೆಯ ಕೆಲಸವನ್ನು ಪಿಯಾನೋದಿಂದ ಮಾಡಿಸಬೇಕೆಂದು ಯಾರೂ ಹೇಳುವುದಿಲ್ಲ. ಒಂದೇ ಸ್ವರದ ಒಳಗನ್ನು ಶೋಧಿಸುವುದು ನಮ್ಮ ಸಂಗೀತದ ಹೆಚ್ಚಳ. ಹಲವು ಸ್ವರಗಳನ್ನು ಏಕಕಾಲದಲ್ಲಿ ಹೊಂದಿಸುವುದು ಪಾಶ್ಚಾತ್ಯರ ಹೆಚ್ಚಳ. ಒಂದು ಭಾಷೆ ಬಲ್ಲವನು ಎರಡನೆಯದನ್ನು ಕಲಿತರೆ ಮೊದಲಿನದು ನಶಿಸುವುದಿಲ್ಲ. ಇದಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. 1940ರಿಂದ 1950ರವರೆಗೆ ಮೈಸೂರನ್ನಾಳಿದ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಪಿಯಾನೋವನ್ನು ಶ್ರದ್ಧೆಯಿಂದ ಅಭ್ಯಾಸಮಾಡಿದವರು. ರಷ್ಯದ ವಾಗ್ಗೇಯಕಾರ ಮೆಟ್ನರನ ಕೃತಿಗಳು ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಯುವಂತೆ ದ್ರವ್ಯಸಹಾಯ ಮಾಡಿದವರು. ಕರ್ಣಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಮೇಲ್ಪಟ್ಟು ಕೃತಿಗಳನ್ನು ರಚಿಸಿದವರೂ ಅವರೇ.

ಬುದ್ಧಿ ಬೆಳೆಯುವುದೆಂಬ ಮಾತೊಂದು ಉಳಿಯಿತು. ಕೆನಡಾ ದೇಶದ ಮನಶ್ಶಾಸ್ತ್ರಜ್ಞ ಷೆಲೆನ್‌ಬರ್ಗ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರು ವರ್ಷದ ಕೆಲವು ಮಕ್ಕಳು ಒಂದು ವರ್ಷಕಾಲ ಕೀಲಿಮಣೆಯ ವಾದ್ಯವನ್ನೋ ಹಾಡುಗಾರಿಕೆಯನ್ನೋ ಕಲಿತರು; ಉಳಿದವರಲ್ಲಿ ಕೆಲವರು ನಾಟಕ ಕಲಿತರು, ಕೆಲವರು ಏನನ್ನೂ ಕಲಿಯಲಿಲ್ಲ. ಬುದ್ಧಿಪರೀಕ್ಷೆಯಲ್ಲಿ ಸಂಗೀತದ ಮಕ್ಕಳು ಉಳಿದವರಿಗಿಂತ ಮುಂದೆ ಬಂದರು. ಆದರೆ ಆ ಅಂತರ ಅತ್ಯಲ್ಪ. ಅನಂತರ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ ಕೆಲವು ವಿದ್ವಾಂಸರು ಅಷ್ಟು ಲಾಭವನ್ನು ಕೂಡ ಸಂದೇಹಿಸಿದ್ದಾರೆ. ಆದಕಾರಣ ಅಂಕಗಳ ಆಸೆಯಿಂದ ಮಗುವನ್ನು ಪಿಯಾನೋದ ಮುಂದೆ ಕೂಡಿಸುವುದು ಉಚಿತವಲ್ಲ. ಅಂಕ ಬಾರದಿದ್ದರೆ ತಂದೆತಾಯಿಗಳು ಪಾಠ ಬಿಡಿಸುತ್ತಾರೆ. ಬಂದರೆ, ಇನ್ನು ಏತಕ್ಕೆಂದು ಬಿಡಿಸುತ್ತಾರೆ. ಹೇಗಾದರೂ ನಷ್ಟ ಸಂಗೀತಕ್ಕೇ, ಮತ್ತು ಆ ಮಗುವಿಗೇ.

ದೊಡ್ಡ ವಾದಕನಾಗದಿದ್ದರೆ ಕಲಿತು ಫಲವೇನು ಎನ್ನುವವರು ರಾಬರ್ಟ್ ಷೂಮಾನನನ್ನು ನೆನೆಯಬಹುದು. ಯೌವನದಲ್ಲಿಯೇ ಬಲಗೈಯ ಬೆರಳು ಕೆಟ್ಟು, ಸಭೆಯಲ್ಲಿ ನುಡಿಸುವ ಆಸೆಯನ್ನು ಆತನು ತೊರೆಯಬೇಕಾಯಿತು. ಆದರೂ 1848ರಲ್ಲಿ, ತನ್ನ ಹೆಣ್ಣುಮಕ್ಕಳಿಗೋಸ್ಕರ ಬರೆಯಲು ತೊಡಗಿ, ಎಳೆಯರು ನುಡಿಸತಕ್ಕ ಒಂದು ಕೃತಿಮಾಲೆಯನ್ನೇ ರಚಿಸಿದನು. ಸಭೆಗೆ ಸಲ್ಲದ ಕೈ ಮನೆಯ ಮಕ್ಕಳಿಗೆ ಸಂದಿತು.

ಆದ್ದರಿಂದ ನಮ್ಮ ವಿಜ್ಞಾಪನೆ ಇಷ್ಟೆ. ದಿನಕ್ಕೆ ಅರ್ಧ ಗಂಟೆ ಸಾಕು. ಆದರೆ ದಿನ ತಪ್ಪಬಾರದು. ನೋಯುವ ಕೈಯನ್ನು ಬಲಾತ್ಕರಿಸಬಾರದು. ವಯಸ್ಸು ಮೀರಿತೆಂದು ದೊಡ್ಡವರು ಹಿಂಜರಿಯಬೇಕಾಗಿಲ್ಲ. ಸಭೆಯ ವಾದಕರಾಗದಿದ್ದರೂ ಕೇಳಬಲ್ಲವರಾಗುತ್ತಾರೆ. ನಮ್ಮ ಮಾತಿನ ನಡುವೆಯೇ ಇನ್ನೊಬ್ಬರ ಮಾತನ್ನೂ ಕೇಳಿಸಿಕೊಳ್ಳುವುದು ಎಷ್ಟು ಕಠಿನವೆಂಬುದು ಮನೆಯಲ್ಲಿಯೂ ಸಭೆಯಲ್ಲಿಯೂ ನಮಗೆಲ್ಲ ತಿಳಿದದ್ದೇ. ಆ ವಿದ್ಯೆಯನ್ನು ಹತ್ತು ಬೆರಳುಗಳಿಂದ ಕಲಿಸತಕ್ಕ ವಾದ್ಯಕ್ಕೆ ನಮ್ಮ ಮನೆಗಳಲ್ಲಿ, ವೀಣೆಯ ಪಕ್ಕದಲ್ಲಿ, ಸ್ವಲ್ಪ ಸ್ಥಳ ಸಲ್ಲುವುದು ಯುಕ್ತ.