ಈಳಿಗೆಯ ಹದ



ಇಂದು ಬೆಳಿಗ್ಗೆ ತಾಯಿಯೊಬ್ಬರು ತಮ್ಮ ಅತ್ತೆಯ ಕಾಲದ ಈಳಿಗೆಮಣೆಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮಠಕ್ಕೆ ಬಂದಿದ್ದರು. "ಬುದ್ಧಿ, ಮಕ್ಕಳು ಇದನ್ನು ಗುಜರಿಗೆ ಹಾಕು ಅಂತಾರೆ. ನಮ್ಮತ್ತೆ ನಲವತ್ತು ವರ್ಷ ಇದರ ಮೇಲೆ ಕೂತವರು. ಏನು ಮಾಡಲಿ?" ಎಂದರು. ಅಲಗಿನ ತುಂಬ ಕೆಂಪು ತುಕ್ಕು. ಬೆರಳಿನಿಂದ ಮೀಟಿ ನೋಡಿದೆವು; ನಾದ ಸ್ವಚ್ಛವಾಗಿತ್ತು, ಬಿರುಕಿರಲಿಲ್ಲ. ಗುಜರಿಗೆ ಹಾಕಬೇಡ ತಾಯಿ ಎಂದೆವು.

ಹೀಗೆ ಹೇಳುವ ತಿಳಿವಳಿಕೆ ನಮಗೆ ತಪ್ಪು ಮಾಡಿದ ಮೇಲೆ ಬಂದದ್ದು. ನಮ್ಮ ದಾಸೋಹದ ಅಡುಗೆಮನೆಯಲ್ಲಿ ಹಿರಿಯ ಗುರುಗಳ ಕಾಲದ ಈಳಿಗೆಯೊಂದಿತ್ತು. ನಾವು ಪಟ್ಟಕ್ಕೆ ಬಂದ ಹೊಸದರಲ್ಲಿ, ಹಳೆಯದನ್ನೆಲ್ಲ ಹೊಳೆಯಿಸಿಬಿಡುವ ಆತುರದಲ್ಲಿ, ಅದನ್ನು ಯಂತ್ರದ ಸಾಣೆಗೆ ಕೊಟ್ಟೆವು. ಅಲಗು ಫಳಫಳಿಸುತ್ತ ಬಂತು. ಆದರೆ ಬಾಯಿಯುದ್ದಕ್ಕೂ ನೀಲಿ ಛಾಯೆ. ಎರಡು ಕುಂಬಳಕಾಯಿ ಹೆಚ್ಚುವಷ್ಟರಲ್ಲಿ ಮೊಂಡಾಯಿತು. ಉಕ್ಕು ಸುಮಾರು 300 ಡಿಗ್ರಿ ಕಾದರೆ ಆ ಬಣ್ಣ ತಾಳುತ್ತದೆ. ಅಷ್ಟರಲ್ಲಿ ಅದರ ಗಡಸು ಇಳಿದಿರುತ್ತದೆ. ಅಡುಗೆಯ ಮುದುಕ ನಮಗೆ ಏನೂ ಅನ್ನಲಿಲ್ಲ. ಅದನ್ನು ಒರೆಸಿ ಮೂಲೆಗಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಸುಶ್ರುತಸಂಹಿತೆಯ ಸೂತ್ರಸ್ಥಾನದ 8ನೆಯ ಅಧ್ಯಾಯದಲ್ಲಿ ಶಸ್ತ್ರಗಳಿಗೆ ಹದ ಕೊಡುವುದನ್ನು 'ಪಾಯನ' ಎಂದು ಕರೆದಿದೆ. ಪಾಯನವೆಂದರೆ ಕುಡಿಸುವುದು. ಕಾದ ಲೋಹಕ್ಕೆ ಕ್ಷಾರ, ನೀರು, ಎಣ್ಣೆ ಇವುಗಳಲ್ಲೊಂದನ್ನು ಕುಡಿಸಬೇಕು. ಮಸೆಯಲು ಉದ್ದಿನ ಬಣ್ಣದ ನುಣುಪು ಕಲ್ಲು, ಧಾರೆ ನಿಲ್ಲಿಸಲು ಬೂರುಗದ ಹಲಗೆ. ಪಾಠಶಾಲೆಯಲ್ಲಿ ಇದನ್ನೆಲ್ಲ ಕಂಠಪಾಠ ಮಾಡಿದ್ದೆವು. ಅಡುಗೆಮನೆಯವರೆಗೆ ತರಲು ಮಾತ್ರ ತೋಚಲಿಲ್ಲ!

ಕೊನೆಗೆ ಊರಿನ ಕಮ್ಮಾರನ ಮೊರೆಹೊಕ್ಕೆವು. ಅವನು ಅಲಗನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ. ಅಷ್ಟಕ್ಕೇ ಬಿಟ್ಟರೆ ಗಾಜಿನಂತೆ ಚಕ್ಕೆ ಏಳುತ್ತದೆ. ಅದಕ್ಕೆ ಮತ್ತೆ ಮಂದ ಶಾಖದಲ್ಲಿಟ್ಟು, ಒಣಹುಲ್ಲಿನ ಬಣ್ಣ ಬಂದೊಡನೆ ತೆಗೆದ. ಈಳಿಗೆ ಬದುಕಿತು. ಚಕ್ರ ತಿಂದ ಅಗಲ ಮಾತ್ರ ಮರಳಲಿಲ್ಲ.

ಈ ತಾಯಿಗೆ ಕುಲುಮೆಯೂ ಬೇಕಿಲ್ಲ. ನೆನೆಸಿದ ಹುಣಸೆಹಣ್ಣನ್ನು ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಹುಳಿಗೆ ತುಕ್ಕು ಸಡಿಲವಾಗುತ್ತದೆ; ತೆಂಗಿನ ನಾರಿನಿಂದ ಬೂದಿ ಹಾಕಿ ಉಜ್ಜಿ ತೊಳೆದು ಕೂಡಲೇ ಒರೆಸಿ. ಒದ್ದೆ ಬಿಟ್ಟರೆ ಸಂಜೆಯೊಳಗೆ ಮತ್ತೆ ತುಕ್ಕು. ಕೆಂಪು ಹೋಗಬೇಕು, ಕಾಯಿ ಹೆಚ್ಚಿ ಹೆಚ್ಚಿ ಬಂದ ಕಪ್ಪು ಇರಲಿ, ಅದು ಅಲಗನ್ನು ಕಾಯುತ್ತದೆ. ಆಮೇಲೆ ನೀರು ಚಿಮುಕಿಸಿದ ಕಲ್ಲಿನ ಮೇಲೆ ನಿಧಾನವಾಗಿ ಮಸೆದು, ಕೊಬ್ಬರಿ ಎಣ್ಣೆ ಸವರಿಡಿ.

ಮಣೆಯಲ್ಲಿ ಅತ್ತೆ ಕಾಲೂರುತ್ತಿದ್ದ ಜಾಗ ಸವೆದು ತಗ್ಗಾಗಿದೆ. ಹೊಸ ಮಣೆ ಹಾಕಿಸಲೇ ಎಂದು ಕೇಳಿದರು. ಹುಳು ಬಿದ್ದಿಲ್ಲ, ಮೊಳೆ ಬಿಗಿ ಮಾಡಿಸಿದರೆ ಸಾಕು ಎಂದೆವು. ಬರುವ ಸೋಮವಾರ ದಾಸೋಹಕ್ಕೆ ತರಕಾರಿ ಹೆಚ್ಚಲು ಅದನ್ನೇ ತರುತ್ತೇನೆಂದು ಹೇಳಿ ಹೋಗಿದ್ದಾರೆ.