ದೇಣಿಗೆಯ ಲೆಕ್ಕ ಎಲ್ಲರಿಗೂ ಒಂದೇ ಆಗಲಿ



ವಿಶ್ವವಿದ್ಯಾನಿಲಯಗಳಲ್ಲಿ ವಿದೇಶಿ ಸರಕಾರಗಳ ಪ್ರಭಾವ ಎಂದೊಡನೆ ಚೀನಾವನ್ನು ಹೆಸರಿಸುವುದು ಸುಲಭ. ನಾವು ಲಿಬಿಯಾದಿಂದ ಆರಂಭಿಸೋಣ.

ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ 2008ರಲ್ಲಿ ಮುಅಮ್ಮರ್ ಗದ್ದಾಫಿಯ ಪುತ್ರ ಸೈಫುಲ್ ಇಸ್ಲಾಮ್‌ಗೆ ಡಾಕ್ಟರೇಟ್ ನೀಡಿತು. ಮರುವರ್ಷವೇ ಆತನ ಪ್ರತಿಷ್ಠಾನದಿಂದ 15 ಲಕ್ಷ ಪೌಂಡ್ ದೇಣಿಗೆ ಸ್ವೀಕರಿಸಲು ಒಪ್ಪಿತು. ಮಧ್ಯಪ್ರಾಚ್ಯವನ್ನು ಬಲ್ಲ ಪ್ರೊ. ಫ್ರೆಡ್ ಹ್ಯಾಲಿಡೇ ಲಿಖಿತವಾಗಿಯೇ ವಿರೋಧಿಸಿದ್ದರು. ಆಡಳಿತ ಮಂಡಳಿ ಕಿವಿಗೊಡಲಿಲ್ಲ. 2011ರಲ್ಲಿ ಗದ್ದಾಫಿಯ ಸೈನಿಕರು ಸ್ವಂತ ಜನತೆಯ ಮೇಲೆ ಗುಂಡು ಹಾರಿಸಿದಾಗ ಸಂಸ್ಥೆಯ ನಿರ್ದೇಶಕ ಹೊವಾರ್ಡ್ ಡೇವಿಸ್ ರಾಜೀನಾಮೆ ನೀಡಬೇಕಾಯಿತು. ಕೊಟ್ಟವನು ಮುಸ್ಲಿಮನೆಂಬ ಕಾರಣಕ್ಕೆ ನಾವು ಇದನ್ನು ಮರೆಮಾಚಬೇಕೇ? ಖಂಡಿತ ಇಲ್ಲ.

ಅಮೆರಿಕದಲ್ಲಿ ಇದಕ್ಕೊಂದು ಕಾನೂನಿದೆ. ಸರಕಾರಿ ನೆರವು ಪಡೆಯುವ ಕಾಲೇಜು ಒಂದೇ ವಿದೇಶಿ ಮೂಲದಿಂದ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಅಥವಾ ಅದಕ್ಕಿಂತ ಅಧಿಕ ಪಡೆದರೆ ಲೆಕ್ಕ ಒಪ್ಪಿಸಬೇಕೆಂದು 1986ರಲ್ಲಿಯೇ ವಿಧಿಸಲಾಯಿತು. ಅದು ದಶಕಗಳ ಕಾಲ ಕಡತದಲ್ಲಿ ನಿದ್ರಿಸಿತು. 2019ರಲ್ಲಿ ತನಿಖೆ ಆರಂಭವಾದ ಬಳಿಕ, ವರದಿಯಾಗದಿದ್ದ 650 ಕೋಟಿ ಡಾಲರ್ ಬೆಳಕಿಗೆ ಬಂತೆಂದು ಶಿಕ್ಷಣ ಇಲಾಖೆಯೇ ಹೇಳಿತು.

ಲೆಕ್ಕ ಕೇಳುವುದನ್ನು ನಾವು ಸ್ವಾಗತಿಸುತ್ತೇವೆ. ನಮ್ಮ ಆಕ್ಷೇಪ ಇರುವುದು ಎರಡು ಅಳತೆಗೋಲುಗಳ ಬಗ್ಗೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಅಂಗೀಕರಿಸಿದ ಮಸೂದೆಯು ಈ ಮಿತಿಯನ್ನು 50 ಸಾವಿರ ಡಾಲರಿಗೆ ಇಳಿಸಿತು. ಆದರೆ 'ಕಳವಳಕಾರಿ ದೇಶ'ಗಳಿಂದ ಒಂದು ಡಾಲರ್ ಬಂದರೂ ಲೆಕ್ಕ ಕೊಡಬೇಕೆಂದಿತು. ಆ ಪಟ್ಟಿಯನ್ನು ಬರೆಯುವವರು ಯಾರು? ವಿದೇಶಾಂಗ ನೀತಿ ತಾನೇ? 2009ರಲ್ಲಿ ಗದ್ದಾಫಿ ಲಂಡನ್ನಿನ ಮಿತ್ರನಾಗಿದ್ದ. ಅಂದು ಅಲ್ಲಿ ಇಂತಹ ಪಟ್ಟಿ ಇದ್ದಿದ್ದರೂ ಅದರಲ್ಲಿ ಆತನ ಹೆಸರು ಇರುತ್ತಿರಲಿಲ್ಲ.